ಕೀಲಿ ಕೊಡುವಾಗ

ತಗೋ ತಮಾ, ಇದು ಗಾಡಿಯ ಕೀಲಿ,
ಇದು ಆಕ್ಸಿಜನ್ ಪೆಟ್ಟಿಗೆಯದ್ದು.
ಗೇರು, ಬ್ರೇಕು ನಿನಗೆ ಬರುತ್ತದೆ, ನಾನು ಹೇಳುವುದಿಲ್ಲ.
ಹೇಳಬೇಕಾದ್ದು ತಲೆಯ ಮೇಲಿನ ಈ ನೀಲಿಯ ಬಗ್ಗೆ.
ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದೆ,
ಉರಿಯುವಾಗ ಒಂದು ದಿನವೂ ನೆಟ್ಟಗೆ ನೋಡಿದ್ದಿಲ್ಲ.
ಒಳಗೆ ಕೂತವನಿಗೆ ಅದು ಕಾಣುವುದಿಲ್ಲ.
ಮುಚ್ಚಿದ ಅಂಗಡಿಯ ಶಟರಿನ ಮೇಲೆ,
ಬೈತಖೋಲದ ಬಂಡೆಯ ಮೇಲೆ,
ಎದುರು ಬಂದವರ ಮುಖದ ಮೇಲೆ
ಓಡಿ ಹೋಗುತ್ತದೆ, ಅಷ್ಟೆ.

ದೀಪ ಹಾಕಿದರೆ ದಾರಿ ಬಿಡುತ್ತಾರೆ ಅಂದುಕೊಂಡಿದ್ದೀ.
ಬಿಡುತ್ತಾರೆ.
ಆದರೆ ಎಲ್ಲರಿಗೂ ಅದು ಒಂದೇ ಮಾತು ಹೇಳುವುದಿಲ್ಲ.
ಬಿಣಗಾ ಏರಿನಲ್ಲಿ ಟ್ಯಾಂಕರಿನವ
ಕನ್ನಡಿಯಲ್ಲಿ ನೀಲಿ ಕಂಡದ್ದೇ ನಡುರಸ್ತೆಯಲ್ಲಿ
ಬ್ರೇಕು ಒತ್ತಿ ನಿಂತುಬಿಟ್ಟ,
ಹೆಡ್‌ಮಾಸ್ತರರು ಕರೆದ ಹುಡುಗನ ಹಾಗೆ.
ಬೈಕಿನವ ಎಡಕ್ಕೆ ಹೋದ, ಬಲಕ್ಕೆ ಬಂದ, ಮತ್ತೆ ಎಡಕ್ಕೆ.
ಅಮದಳ್ಳಿಯಲ್ಲೊಬ್ಬಳು ಸ್ಕೂಟಿ ನಿಲ್ಲಿಸಿ
ಕೆನ್ನೆ ಮುಟ್ಟಿಕೊಳ್ಳುತ್ತಾಳೆ, ಯಾವಾಗಲೂ,
ಒಳಗೆ ಯಾರೆಂದು ಕೇಳಿದವಳಲ್ಲ.
ಬಿಳಿ ಕಾರಿನವನೊಬ್ಬ
ನನ್ನ ಬಾಲ ಹಿಡಿದು ಅಂಕೋಲೆಯವರೆಗೂ ಬಂದ.
ಒಳಗಿದ್ದವಳ ಉಸಿರು ತೆರೆದ ದಾರಿಯಲ್ಲಿ
ಅವನು ಊಟದ ಹೊತ್ತಿಗೆ ಮನೆ ಸೇರಿದ.

ಸುರಂಗದಲ್ಲಿ ಹುಷಾರು.
ಅಲ್ಲಿ ಬೆಳಕು ಗೋಡೆಗೆ ಬಡಿದು ನಾಲ್ಕೂ ಕಡೆಯಿಂದ ಬರುತ್ತದೆ,
ನೀನು ಹಿಂದಿದ್ದೀಯೋ ಮುಂದಿದ್ದೀಯೋ
ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು. ಇದನ್ನು ತರಬೇತಿಯಲ್ಲಿ ಹೇಳಿರಲಿಕ್ಕಿಲ್ಲ.
ಅವರ್ಸಾ ಹತ್ತಿರ, ರಾತ್ರಿ ಎರಡು ಗಂಟೆ,
ಬಿದ್ದವನನ್ನು ಎತ್ತಲು ಅಂಚಿಗೆ ನಿಲ್ಲಿಸಿದ್ದೆ,
ಇದ್ದಬದ್ದ ದೀಪವೆಲ್ಲ ಉರಿಸಿ, ಕಾಣಲಿ ಎಂದು.
ಖಾಲಿ ರಸ್ತೆ. ಆನೆ ಹೋಗುವಷ್ಟು ಜಾಗ.
ಮೀನಿನ ಲಾರಿಯೊಂದು ದೂರದಿಂದ
ನೇರ ನಮ್ಮತ್ತಲೇ ಬಂತು,
ಅವಸರವಿಲ್ಲದೆ, ಹಗ್ಗ ಕಟ್ಟಿ ಎಳೆದ ಹಾಗೆ.
ಹಿಂದಿನ ಬಾಗಿಲು ಹೋಯಿತು. ನರ್ಸ್ ಇನಾಸನ ಕಾಲು.
ಸಾಂತಾನ ಅಂತ ಡ್ರೈವರು,
ಕುಡಿದಿರಲಿಲ್ಲ, ನಿದ್ದೆಯೂ ಅಲ್ಲ,
ದಿಬ್ಬದ ಮೇಲೆ ಕೂತು ಒಂದೇ ಸಮನೆ ಹೇಳುತ್ತಿದ್ದ:
ಕಂಡಿತ್ತಲ್ಲ, ಮೊದಲೇ ಕಂಡಿತ್ತಲ್ಲ ನನಗೆ.

ಪೊಲೀಸರು ನಿರ್ಲಕ್ಷ್ಯ ಎಂದು ಬರೆದುಕೊಂಡರು.
ನಾನು ಹರಿಕಂತ್ರರವ, ನನಗೆ ಅರ್ಥವಾಯಿತು.
ಸರಕಾರ ಬೇಡ ಅನ್ನುವ ಮುಂಚೆ
ನಮ್ಮಣ್ಣ ಬೋಟಿನಲ್ಲಿ ಜನರೇಟರ್ ಇಟ್ಟು
ಕತ್ತಲ ನೀರಿಗೆ ಬಲ್ಬು ಹಿಡಿಯುತ್ತಿದ್ದ.
ಬಂಗಡೆ ಹಸಿದು ಬರುವುದಲ್ಲ,
ಬೆಳಕು ಇದೆ, ಅದಕ್ಕೇ ಬರುತ್ತದೆ.
ಕಣ್ಣು ಹೋದಲ್ಲಿಗೆ ಕೈ ಹೋಗುತ್ತದೆ ತಮಾ,
ಸ್ಟೇರಿಂಗಿಗೆ ಕೈಯ ಮಾತಷ್ಟೇ ಗೊತ್ತು.
ನಿಂತಾಗ ನೀಲಿ ಆರಿಸು.
ಒಂದು ಹಳದಿ ಸಾಕು, ಸಾವಕಾಶ ಮಿಣುಕುವಂಥದ್ದು.

ಒಂದೇ ಒಂದು ಸಲ, ಯಾರಿಗೂ ಹೇಳಬೇಡ,
ಖಾಲಿ ಗಾಡಿಗೆ ದೀಪ ಹಾಕಿದ್ದೆ.
ಮಣಿಪಾಲದಿಂದ ಬರುವಾಗ ಕುಮಟೆಯಲ್ಲಿ ಜಾಮು,
ಮನೆಯಲ್ಲಿ ಮಗಳ ತೊಟ್ಟಿಲ ದಿನ.
ಪೇಟೆಗೆ ಪೇಟೆಯೇ ಸೀಳಿ ಕೊಟ್ಟಿತು.
ಕಬ್ಬಿನ ಹಾಲಿನವ ತನ್ನ ಗಾಡಿಯನ್ನು
ಗಟಾರಕ್ಕೇ ಇಳಿಸಿದ.
ಗಾಜಿನ ಲೋಟಗಳು. ಆ ಸದ್ದು.
ನಾನು ದಾಟುವಾಗ ಕೈ ಮುಗಿದ.

ನಾಳೆಯಿಂದ ನಾನೂ ದೀಪದ ಹೊರಗಿನವ.
ಹಳೇ ಲೂನಾ, ಹಿಂದೊಂದು ಹಾಲಿನ ಕ್ಯಾನು.
ಒಂದು ರಾತ್ರಿ ನನ್ನ ಕನ್ನಡಿಯಲ್ಲಿ ನೀನು ಹೊತ್ತಿಕೊಳ್ಳುತ್ತೀ,
ಆಗ ಎಡಕ್ಕೆ ಸರಿದೇನೋ
ಟ್ಯಾಂಕರಿನವನ ಹಾಗೆ ನಡುವಲ್ಲೇ ನಿಂತೇನೋ,
ಇಷ್ಟೆಲ್ಲ ಹೇಳಿದವನ ಕೈ,
ಅದರ ಮೇಲೆ ನನಗೆ ನಂಬಿಕೆ ಇಲ್ಲ.

ನೋಡಿಕೊಂಡು ಬಾ.
ಆ ಮೂರನೇ ಸ್ವಿಚ್ಚು ಬಿಗಿ ಇದೆ,
ಹೆಬ್ಬೆರಳಲ್ಲಿ ಒತ್ತಬೇಕು.